ಬಸವಣ್ಣ ತಿಂದದ್ದು ಯಾವ ಕಡಲೆಕಾಯಿ?

ಬಸವನಗುಡಿಯ ನಮ್ಮ ಪ್ರೌಢಶಾಲೆ. ಒಂಬತ್ತನೇ ತರಗತಿ, ಊಟದ ಬಿಡುವು ಮುಗಿದ ಮೇಲಿನ ಮೊದಲ ಪೀರಿಯಡ್. ಬಿ.ಇಡಿ. ಓದುತ್ತಿರುವ ಹೆಣ್ಣುಮಗಳೊಬ್ಬರು ಇಂಟರ್ನ್‌ಶಿಪ್‌ಗೆಂದು ಬಂದು ಭೌಗೋಳಿಕ ಅನ್ವೇಷಣೆಗಳ ಪಾಠ ಮಾಡುತ್ತಿದ್ದರು. ಪಾಠ ವೀಕ್ಷಣೆಯ ಹಾಳೆ ಹಿಡಿದು ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಕೊಲಂಬಸ್ 1492ರಲ್ಲಿ ಹೊರಟದ್ದು, ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿದ್ದು ಆಗಲೇ ಬೋರ್ಡಿನ ಮೇಲಿತ್ತು. ಅದರ ಕೆಳಗೆ ಆಕೆ ಅಮೆರಿಕ ಖಂಡದಿಂದ ನಮ್ಮ ಅಡುಗೆಮನೆಗೆ ಬಂದ ಪದಾರ್ಥಗಳನ್ನು ಬರೆದರು: ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ.

ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. ‘ಮಿಸ್, ಕಡಲೆಕಾಯಿ ಅಮೆರಿಕದ್ದಾದ್ರೆ ನಮ್ಮ ಬಸವಣ್ಣ ತಿಂದಿದ್ದು ಯಾವ ಕಡಲೆಕಾಯಿ?’

ಇಡೀ ತರಗತಿ ತಿರುಗಿ ನೋಡಿತು. ದೊಡ್ಡ ಬಸವಣ್ಣನ ಗುಡಿ ನಮ್ಮ ಶಾಲೆಗೆ ಕೂಗಳತೆ ದೂರ. ಕಾರ್ತಿಕದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿ ಹೊತ್ತು ಬಸವ ಬಂದು ಮೇಯುತ್ತಿದ್ದ, ರೈತರು ಮೊದಲ ಫಸಲನ್ನು ಅವನಿಗೇ ಅರ್ಪಿಸುತ್ತೇವೆಂದು ಹರಕೆ ಹೊತ್ತರು, ಕೆಂಪೇಗೌಡರು ಗುಡಿ ಕಟ್ಟಿಸಿದರು. ಈ ಕಥೆ ಇಲ್ಲಿನ ಮಕ್ಕಳಿಗೆ ತೊಟ್ಟಿಲಿನಲ್ಲೇ ಗೊತ್ತು. ಗುಡಿ ಹದಿನಾರನೇ ಶತಮಾನದ್ದು ಎಂಬುದೂ ಗೊತ್ತು. ಹುಡುಗ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದ, ಅಷ್ಟೇ.

ಆಕೆ ಒಂದು ಕ್ಷಣ ಸುಮ್ಮನಾದರು. ಆಮೇಲೆ ಚಾಕ್‌ಪೀಸ್ ಕೆಳಗಿಟ್ಟು, ‘ನಂಗೊತ್ತಿಲ್ಲ ಕಣೋ. ನೋಡ್ಕೊಂಡು ಬಂದು ನಾಳೆ ಹೇಳ್ತೀನಿ’ ಅಂದರು.

ನನ್ನ ಕೈಯಲ್ಲಿದ್ದ ಹಾಳೆಯಲ್ಲಿ ಪೀಠಿಕೆಗೆ ಅಂಕವಿತ್ತು, ವಿವರಣೆಗೆ, ಪ್ರಶ್ನಿಸುವ ಕೌಶಲಕ್ಕೆ, ಕಪ್ಪು ಹಲಗೆಯ ಬಳಕೆಗೆ ಅಂಕವಿತ್ತು. ಈ ಮಾತಿಗೆ ಅಂಕ ಕೊಡಲು ಜಾಗ ಇರಲಿಲ್ಲ. ಆದರೆ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡಲು ತಯಾರಾಗುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಮಾತನ್ನೇ. ‘ಗೊತ್ತಿಲ್ಲ’ ಎನ್ನುವ ಧೈರ್ಯಕ್ಕೂ ‘ನಾಳೆ’ ಎನ್ನುವ ಜವಾಬ್ದಾರಿಗೂ ನಡುವೆ ಒಂದು ಸಂಜೆ ಇದೆ. ಆ ಸಂಜೆ ಎಲ್ಲಿಗೆ ಹೋಗಬೇಕು, ಯಾವುದನ್ನು ತೆರೆದು ನೋಡಬೇಕು, ಯಾರನ್ನು ಕೇಳಬೇಕು ಎಂದು ಗೊತ್ತಿದ್ದರೆ ಆಕೆ ತಯಾರಾಗಿದ್ದಾರೆ ಎಂದರ್ಥ.

ಕಾಗದದ ಮೇಲಿನ ದಾರಿ

ಕಾಗದದ ಮೇಲೆ ದಾರಿ ನೇರವಾಗಿದೆ. ಸಮಾಜ ವಿಜ್ಞಾನದ ವಿಷಯಗಳನ್ನು ಓದಿದ ಪದವಿ, ಅದರಲ್ಲಿ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇ 50 ಅಂಕ, ಆಮೇಲೆ ಬಿ.ಇಡಿ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಂದ ಮೇಲೆ, 2015ರಿಂದ ಬಿ.ಇಡಿ. ಎರಡು ವರ್ಷದ್ದು, ನಾಲ್ಕು ಸೆಮಿಸ್ಟರ್. ಅದಕ್ಕೂ ಮುಂಚೆ ಒಂದೇ ವರ್ಷದಲ್ಲಿ ಮುಗಿಯುತ್ತಿತ್ತು. ಹೆಚ್ಚಿಗೆ ಸಿಕ್ಕ ಸಮಯದಲ್ಲಿ ದೊಡ್ಡ ಪಾಲು ಶಾಲೆಯ ಒಳಗೇ ಕಳೆಯಲಿ ಎಂಬುದು ಈ ಬದಲಾವಣೆಯ ಹುರುಳು. ಎರಡನೇ ವರ್ಷದಲ್ಲಿ 16 ವಾರಗಳ ಇಂಟರ್ನ್‌ಶಿಪ್ ಇದೆ. ಹಳೇ ಬೆಂಗಳೂರಿನವರಿಗೆ ಬಿ.ಇಡಿ. ಎಂದರೆ ಮೊದಲು ನೆನಪಾಗುವುದು ಜಯನಗರದಲ್ಲಿ 1954ರಲ್ಲಿ ಆರಂಭವಾದ ಆರ್.ವಿ. ಶಿಕ್ಷಕರ ಕಾಲೇಜು. ಜೂನ್ ಕಳೆದ ಮೇಲೆ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಶಾಲೆಗಳ ಸ್ಟಾಫ್ ರೂಮಿನಲ್ಲಿ ಚಾರ್ಟ್ ಸುತ್ತಿಕೊಂಡು, ರೋಲ್ ಅಪ್ ಬೋರ್ಡ್ ಹಿಡಿದುಕೊಂಡು ನಿಂತ ಹೊಸ ಮುಖಗಳು ಕಾಣುತ್ತವೆಂದರೆ ಅವರು ಈ ಭಾಗದ ಬಿ.ಇಡಿ. ಕಾಲೇಜುಗಳ ಪ್ರಶಿಕ್ಷಣಾರ್ಥಿಗಳು.

ಬಿ.ಇಡಿ. ಆದ ಮೇಲೆ ಪರೀಕ್ಷೆಗಳು. ಶಿಕ್ಷಕರ ಅರ್ಹತಾ ಪರೀಕ್ಷೆ ಎಂದರೆ ಟಿಇಟಿಯ ಎರಡನೇ ಪತ್ರಿಕೆ ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವವರಿಗೆ. ಎರಡೂವರೆ ಗಂಟೆ, 150 ಪ್ರಶ್ನೆ, 150 ಅಂಕ. ಮಕ್ಕಳ ಬೆಳವಣಿಗೆ ಮತ್ತು ಬೋಧನಾಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಸಮಾಜ ವಿಜ್ಞಾನಕ್ಕೆ 60. ಸಾಮಾನ್ಯ ವರ್ಗದವರು ಶೇ 60, ಅಂದರೆ 90 ಅಂಕ ತೆಗೆಯಬೇಕು. ಒಮ್ಮೆ ಪಾಸಾದರೆ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ ಎಂದು 2021ರಲ್ಲಿ ತೀರ್ಮಾನವಾಯಿತು. ಸರ್ಕಾರಿ ಪ್ರೌಢಶಾಲೆಯ ಸಹ ಶಿಕ್ಷಕರ ಹುದ್ದೆಗೆ ಬೇರೆಯೇ ಸ್ಪರ್ಧಾತ್ಮಕ ಪರೀಕ್ಷೆ. ಅದರ ಅಧಿಸೂಚನೆಗೆ ವರ್ಷಗಟ್ಟಲೆ ಕಾಯುವವರು ಇದ್ದಾರೆ. ಕಾಯುತ್ತಲೇ ಅತಿಥಿ ಶಿಕ್ಷಕರಾಗಿ ದುಡಿಯುವವರಿದ್ದಾರೆ, ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ಹೆಚ್ಚು ಪೀರಿಯಡ್ ಹೊರುವವರಿದ್ದಾರೆ. ಈ ಕಾಯುವಿಕೆ ಎಷ್ಟೋ ಒಳ್ಳೆಯ ಮನಸ್ಸುಗಳನ್ನು ಬೇರೆ ಕೆಲಸಕ್ಕೆ ಕಳಿಸಿಬಿಟ್ಟಿದೆ ಎಂಬುದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಇಷ್ಟು ಕಾಗದದ ದಾರಿ. ಇದನ್ನು ದಾಟಿ ಬಂದವರಿಗೂ ಆ ಹುಡುಗನ ಪ್ರಶ್ನೆ ಹೊಸದೇ.

ಒಂದು ಹೆಸರು, ಆರು ಶಾಸ್ತ್ರ

ನಮ್ಮ ರಾಜ್ಯದ ಪ್ರೌಢಶಾಲಾ ಪುಸ್ತಕ ತೆರೆದು ನೋಡಿ. ಸಮಾಜ ವಿಜ್ಞಾನ ಎಂಬ ಒಂದೇ ರಟ್ಟಿನ ಒಳಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಹೀಗೆ ಆರು ಭಾಗಗಳಿವೆ. ಬಿ.ಎ.ಯಲ್ಲಿ ಒಬ್ಬರು ಓದಿರುವುದು ಇವುಗಳಲ್ಲಿ ಎರಡೋ ಮೂರೋ. ಇತಿಹಾಸ ಮತ್ತು ರಾಜ್ಯಶಾಸ್ತ್ರ ಓದಿ ಬಂದವರಿಗೆ ಅಕ್ಷಾಂಶ ರೇಖಾಂಶ ಬಂದರೆ ಗಂಟಲು ಒಣಗುತ್ತದೆ. ಅರ್ಥಶಾಸ್ತ್ರದವರು ಕದಂಬರು, ಗಂಗರು ಬಂದ ಕೂಡಲೇ ಪುಸ್ತಕ ನೋಡಿ ಓದಿಸಿಬಿಡುತ್ತಾರೆ. ವ್ಯವಹಾರ ಅಧ್ಯಯನವನ್ನಂತೂ ವರ್ಷದ ಕೊನೆಗೆ ತಳ್ಳುವವರೇ ಹೆಚ್ಚು.

ಈ ಆರನ್ನೂ ಒಂದೇ ಗೂಡಿಗೆ ಸೇರಿಸುವ ವಿಚಾರ ನಿನ್ನೆ ಮೊನ್ನೆಯದಲ್ಲ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯ ಪ್ರೌಢ ಶಿಕ್ಷಣ ಆಯೋಗ 1952–53ರಲ್ಲಿ ಸಮಾಜ ಅಧ್ಯಯನವನ್ನು ಎಲ್ಲ ಮಕ್ಕಳೂ ಓದಬೇಕಾದ ವಿಷಯವೆಂದು ಶಿಫಾರಸು ಮಾಡಿತು. ಸಂವಿಧಾನ ಜಾರಿಗೆ ಬಂದು ಮೂರು ವರ್ಷದ ಆಸುಪಾಸಿನ ಹೊತ್ತು ಅದು. ಮತ ಹಾಕುವ, ಊರಿನ ಕೆಲಸದಲ್ಲಿ ಕೈಜೋಡಿಸುವ ಪ್ರಜೆಗಳು ಬೇಕಾಗಿದ್ದರು. ಪ್ರಜೆಯ ಬದುಕಿನಲ್ಲಿ ಇತಿಹಾಸ ಬೇರೆ, ಭೂಗೋಳ ಬೇರೆ ಎಂದು ಗೋಡೆ ಇರುವುದಿಲ್ಲ. ತರಗತಿಯಲ್ಲೂ ಆ ಗೋಡೆ ಇರಬಾರದು ಎಂಬುದು ಆ ಆಶಯ. ಆದರೆ ಗೋಡೆ ಒಡೆಯಬೇಕಾದವರು ಮೇಷ್ಟ್ರು. ಅದಕ್ಕೇ ಪ್ರಶಿಕ್ಷಣಾರ್ಥಿಗಳಿಗೆ ನಾನು ಹೇಳುವ ಮೊದಲ ಮಾತು ಇದು: ನೀವು ಓದದೇ ಬಂದ ಮೂರೋ ನಾಲ್ಕೋ ವಿಷಯಗಳನ್ನು ಬಿ.ಇಡಿ.ಯ ಎರಡು ವರ್ಷದಲ್ಲಿ ಐದನೇ ತರಗತಿಯ ಪುಸ್ತಕದಿಂದ ಹಿಡಿದು ಹತ್ತನೇ ತರಗತಿಯವರೆಗೆ, ಮಕ್ಕಳು ಓದುವ ಕ್ರಮದಲ್ಲೇ, ಒಂದು ಸಾಲೂ ಬಿಡದೆ ಓದಿ. ಗೈಡ್ ಓದಿದರೆ ಟಿಇಟಿಗೆ ಸಾಕಾಗಬಹುದು. ಮಗು ಎಲ್ಲಿ ಎಡವುತ್ತದೆ ಎಂದು ಗೊತ್ತಾಗುವುದು ಮಗುವಿನ ಪುಸ್ತಕದಲ್ಲಿ ಮಾತ್ರ.

ಆರು ನಿಮಿಷದ ಪಾಠ

ಬಿ.ಇಡಿ.ಯ ಮೊದಲ ದಿನಗಳಲ್ಲಿ ಎಲ್ಲರೂ ಹಾದುಹೋಗುವ ಬಾಗಿಲು ಮೈಕ್ರೋ ಟೀಚಿಂಗ್, ಅಂದರೆ ಸೂಕ್ಷ್ಮ ಬೋಧನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಈ ಅಭ್ಯಾಸ ನಮ್ಮಲ್ಲಿ 36 ನಿಮಿಷದ ಒಂದು ಸುತ್ತಾಗಿ ನೆಲೆನಿಂತಿದೆ. ಆರು ನಿಮಿಷ ಪಾಠ, ಆರು ನಿಮಿಷ ಅಭಿಪ್ರಾಯ, ಹನ್ನೆರಡು ನಿಮಿಷ ಮತ್ತೆ ಯೋಜನೆ, ಆರು ನಿಮಿಷ ಮತ್ತೆ ಪಾಠ, ಆರು ನಿಮಿಷ ಮತ್ತೆ ಅಭಿಪ್ರಾಯ. ಒಂದು ಸಲಕ್ಕೆ ಒಂದೇ ಕೌಶಲ. ಪೀಠಿಕೆ ಹಾಕುವುದೆಂದರೆ ಪೀಠಿಕೆ ಮಾತ್ರ, ಪ್ರಶ್ನೆ ಕೇಳುವುದೆಂದರೆ ಪ್ರಶ್ನೆ ಮಾತ್ರ. ಎದುರಿಗೆ ಮಕ್ಕಳಾಗಿ ಕೂತವರು ಸಹಪಾಠಿಗಳೇ.

ಹೊರಗಿನವರಿಗೆ ಇದು ಆಟದಂತೆ ಕಾಣಬಹುದು. ಅಲ್ಲಿ ಬಯಲಾಗುವ ತಪ್ಪು ಮಾತ್ರ ದೊಡ್ಡದು. ‘ಅಶೋಕ ಕಳಿಂಗ ಯುದ್ಧ ಮಾಡಿದ, ಹೌದೋ ಅಲ್ಲವೋ?’ ಎಂದು ಕೇಳಿದರೆ ಮಗು ಹೌದು ಎನ್ನುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಯುದ್ಧ ಗೆದ್ದವನು ತನ್ನ ದುಃಖವನ್ನು ಬಂಡೆಯ ಮೇಲೆ ಕೆತ್ತಿಸಿದ್ದು ಯಾರು ಓದಲಿ ಅಂತ?’ ಎಂದು ಕೇಳಿದರೆ ತರಗತಿ ಯೋಚಿಸುತ್ತದೆ. ಮೊದಲ ಪ್ರಶ್ನೆಯಿಂದ ಎರಡನೆಯದಕ್ಕೆ ಬರಲು ನಡುವಿನ ಆ ಹನ್ನೆರಡು ನಿಮಿಷ ಬೇಕು. ವೃತ್ತಿಯುದ್ದಕ್ಕೂ ಬೇಕು. ನಾನು ಇವತ್ತಿಗೂ ಪಾಠ ಟಿಪ್ಪಣಿಯ ಅಂಚಿನಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳದೆ ತರಗತಿಗೆ ಹೋಗುವುದಿಲ್ಲ.

ಒಂದು ಅಂಗುಲಕ್ಕೆ ನೂರು ಕಿಲೋಮೀಟರ್

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನ ಪತ್ರಿಕೆಯಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆಗೆ ಮಕ್ಕಳು ಹೆದರುವುದು ಹೊಸದಲ್ಲ. ಆ ಪ್ರಶ್ನೆಪತ್ರಿಕೆ ಹೊರಡುವ ಪರೀಕ್ಷಾ ಮಂಡಲಿ ಇರುವುದು ಇಲ್ಲೇ, ಮಲ್ಲೇಶ್ವರದ ಆರನೇ ಅಡ್ಡರಸ್ತೆಯಲ್ಲಿ. ಮಕ್ಕಳ ಹೆದರಿಕೆಗೆ ಒಂದು ಕಾರಣ, ಮೇಷ್ಟ್ರೇ ಬೋರ್ಡಿನ ಮೇಲೆ ಕೈಯಿಂದ ನಕ್ಷೆ ಬರೆಯದೆ, ಅಂಗಡಿಯ ನಕ್ಷೆ ನೇತುಹಾಕಿ ಕೋಲಿನಿಂದ ತೋರಿಸುವುದು. ಹಾಗಾಗಿ ಇಂಟರ್ನ್‌ಶಿಪ್‌ಗೆ ಬಂದವರಿಗೆ ನಾನು ಮೊದಲ ವಾರವೇ ನಕ್ಷೆ ಬರೆಸುತ್ತೇನೆ.

ಲೆಕ್ಕ ಸರಳ. ಭಾರತ ಉತ್ತರದಿಂದ ದಕ್ಷಿಣಕ್ಕೆ 3,214 ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ 2,933 ಕಿಲೋಮೀಟರ್. ಬೋರ್ಡಿನ ಮೇಲೆ 32 ಅಂಗುಲ ಎತ್ತರ, 29 ಅಂಗುಲ ಅಗಲದ ಚೌಕಟ್ಟು ಹಾಕಿದರೆ ಒಂದು ಅಂಗುಲಕ್ಕೆ ಸುಮಾರು 100 ಕಿಲೋಮೀಟರ್ ಆಯಿತು. ಮುಖ್ಯ ಭೂಭಾಗ ಇರುವುದು 8 ಡಿಗ್ರಿಯಿಂದ 37 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಕರ್ಕಾಟಕ ಸಂಕ್ರಾಂತಿ ವೃತ್ತ 23½ ಡಿಗ್ರಿ. ಅದು ಚೌಕಟ್ಟಿನ ನಡುವಿಗಿಂತ ಕೂದಲೆಳೆ ಮೇಲೆ, ಕೆಳಗಿನಿಂದ 17 ಅಂಗುಲಕ್ಕೆ ಬರುತ್ತದೆ. ನಮ್ಮ ಗಡಿಯಾರದ ಕಾಲ ನಿರ್ಧರಿಸುವ 82½ ಡಿಗ್ರಿ ಪೂರ್ವ ರೇಖಾಂಶ ಹೆಚ್ಚುಕಡಿಮೆ ನಟ್ಟನಡುವೆ ನಿಲ್ಲುತ್ತದೆ. ಎರಡೂ ಗೆರೆ ಒಂದನ್ನೊಂದು ದಾಟುವುದು ಛತ್ತೀಸಗಢದಲ್ಲಿ. ನಡುವಿನ ನಿಂತ ಗೆರೆಯಿಂದ ಐದಾರು ಅಂಗುಲ ಎಡಕ್ಕೆ ಸರಿದು ಕೆಳಗೆ ಒಂದು ಚುಕ್ಕೆ ಇಟ್ಟರೆ ಕನ್ಯಾಕುಮಾರಿ. ಅದರ ನೇರಕ್ಕೇ ಮೇಲೆ ಬೆಂಗಳೂರು, ಇನ್ನೂ ಮೇಲಕ್ಕೆ ಹೋದರೆ ದೆಹಲಿ. ಮೂರೂ 77 ಡಿಗ್ರಿ ಪೂರ್ವದ ಆಸುಪಾಸಿನಲ್ಲೇ ಇವೆ. ಈ ಐದು ಗುರುತು ಕೈಗೆ ಬಂದ ಮೇಲೆ ಕಾಠಿಯಾವಾಡದ ಮೂಗು, ಬಂಗಾಳದ ತಿರುವು ಎರಡು ವಾರದ ಅಭ್ಯಾಸ.

ಚಾಕ್‌ಪೀಸ್ ಒದ್ದೆ ಬೋರ್ಡಿನ ಮೇಲೆ ಹಿಡಿಯುವುದಿಲ್ಲ, ಡಸ್ಟರ್ ಹಿಂಡಿ ಒರೆಸಿ ಒಣಗಲು ಬಿಡಬೇಕು. ಗೆರೆ ಎಳೆಯುವಾಗ ಮಕ್ಕಳಿಗೆ ಬೆನ್ನು ಹಾಕಿ ನಿಲ್ಲಬಾರದು, ಪಕ್ಕಕ್ಕೆ ಸರಿದು ಎಳೆಯಬೇಕು. ಇವು ಯಾವ ಪುಸ್ತಕದಲ್ಲೂ ಸಿಗದ ಸಣ್ಣ ಸಂಗತಿಗಳು. ನಕ್ಷೆ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ಒಂದು ಕೋಲು ನೆಡಿಸಿ. ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಅತಿ ಚಿಕ್ಕದಾಗಿರುವುದಿಲ್ಲ. ಬೆಂಗಳೂರು 82½ ಡಿಗ್ರಿಗಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷ. ಆದ್ದರಿಂದ ನಮ್ಮೂರಿನ ನಡುಹಗಲು ಸರಾಸರಿ ಸುಮಾರು 20 ನಿಮಿಷ ತಡ, ವರ್ಷದ ದಿನ ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ. ಬಾಯಿಪಾಠ ಮಾಡಿದ್ದ ರೇಖಾಂಶ ಆವತ್ತು ಮಕ್ಕಳ ಕಾಲಬುಡಕ್ಕೆ ಬಂದು ನಿಲ್ಲುತ್ತದೆ.

ಹಿತ್ತಲ ಓಣಿಯ ಪಾಠ

ನಾನು ಪ್ರಶಿಕ್ಷಣಾರ್ಥಿಗಳಿಗೆ ಕೊಡುವ ಎರಡನೇ ಕೆಲಸ ನಡೆಯುವುದು. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಹಳೆಯ ಮನೆಗಳ ಎರಡು ಸಾಲಿನ ನಡುವೆ, ಹಿತ್ತಲುಗಳ ಬೆನ್ನಿಗೆ, ಒಂದು ಕಿರಿದಾದ ಓಣಿ ಸಿಗುತ್ತದೆ. ಹಳಬರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸಿರುತ್ತಾರೆ, ಎಷ್ಟೋ ಕಡೆ ಗೋಡೆ ಒಳಕ್ಕೆ ಸೇರಿಸಿಕೊಂಡಿದ್ದಾರೆ. ಆ ಓಣಿಯಲ್ಲಿ ಐದು ನಿಮಿಷ ನಿಂತು, ಇದು ಯಾಕಿದೆ ಎಂದು ಕೇಳಿಕೊಳ್ಳಿ ಎನ್ನುತ್ತೇನೆ.

ಉತ್ತರ 1898ಕ್ಕೆ ಹೋಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರೊಬ್ಬರಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಕಿಕ್ಕಿರಿದ ಪೇಟೆ ಬೀದಿಗಳಲ್ಲಿ ರೋಗ ಹಬ್ಬಿತು, ಸಾವಿರಾರು ಜನ ಸತ್ತರು, ಉಳಿದವರು ಊರು ಬಿಟ್ಟರು. ಚಾಮರಾಜಪೇಟೆ 1892ರಲ್ಲೇ ರೂಪುಗೊಂಡಿತ್ತು. ಗಾಳಿ ಬೆಳಕು ಸಿಗುವಂತೆ ಅಗಲ ರಸ್ತೆ, ಸುತ್ತ ಜಾಗ ಬಿಟ್ಟ ನಿವೇಶನ, ಹಿಂದೆ ಓಣಿ, ಹೀಗೆ ಬಸವನಗುಡಿ ಮತ್ತು ಮಲ್ಲೇಶ್ವರ ಎದ್ದವು. ಇದು ಇತಿಹಾಸ. ಒಳಚರಂಡಿ ಇಲ್ಲದ ಕಾಲದಲ್ಲಿ ಆ ಓಣಿಯಿಂದ ಕೆಲವರು ಬಂದು ಮನೆಮನೆಯ ಪಾಯಿಖಾನೆ ಬಳಿದು, ಮಲವನ್ನು ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಅವರಿಗೆ ಮುಂಬಾಗಿಲಿನ ಬೀದಿ ಇರಲಿಲ್ಲ. ಹೊಸ ಬಡಾವಣೆಯ ಯಾವ ಬೀದಿಯಲ್ಲಿ ಯಾವ ಜಾತಿಯವರಿಗೆ ನಿವೇಶನ ಸಿಕ್ಕಿತು, ಯಾರಿಗೆ ಸಿಗಲೇ ಇಲ್ಲ? ಇದು ಸಮಾಜಶಾಸ್ತ್ರ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ ನಿಲ್ಲಿಸಲು ಮುಂದಾದವರು ಆಗ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಆಮೇಲೆ 1993ರಲ್ಲಿ, ಮತ್ತೆ 2013ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಇದು ರಾಜ್ಯಶಾಸ್ತ್ರ. ಓಣಿಯ ಚರಂಡಿ ಯಾವ ಕಡೆಗೆ ಇಳಿಜಾರು? ಬಸವನಗುಡಿ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ ಸೇರಿ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಲಾಲ್‌ಬಾಗ್ ಆಚೆ ಪೂರ್ವಕ್ಕೆ ಇಳಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಇದು ಭೂಗೋಳ. ಒಂದು ಅಡಿ ಓಣಿಯನ್ನು ಒಳಗೆ ಸೇರಿಸಿಕೊಂಡರೆ ಇವತ್ತಿನ ಬೆಲೆಯಲ್ಲಿ ಎಷ್ಟಾಗುತ್ತದೆ, ಆ ನಷ್ಟ ಯಾರದು? ಇದು ಅರ್ಥಶಾಸ್ತ್ರ. ಮೂಲೆಯ ಮನೆ ಅಂಗಡಿಯಾಗಿ ಓಣಿಗೆ ಷಟರ್ ಇಟ್ಟಿದ್ದರೆ ವ್ಯವಹಾರ ಅಧ್ಯಯನವೂ ಅಲ್ಲೇ ಇದೆ.

ಆರು ಅಡಿ ಅಗಲದ ಓಣಿಯಲ್ಲಿ ಪುಸ್ತಕದ ಆರೂ ಭಾಗ ಒಟ್ಟಿಗೆ ನಿಂತಿರುವುದನ್ನು ಒಮ್ಮೆ ಕಂಡವರು ಆಮೇಲೆ ಯಾವ ಊರಿಗೆ ವರ್ಗವಾಗಿ ಹೋದರೂ ಅಲ್ಲಿನ ಓಣಿ ಹುಡುಕುತ್ತಾರೆ. ಸಿಂಧನೂರಿನಲ್ಲಾದರೆ ಕಾಲುವೆ, ಕುಮಟೆಯಲ್ಲಾದರೆ ಬಂದರು. ತಯಾರಿ ಎಂದು ನಾನು ಕರೆಯುವುದು ಈ ಹುಡುಕುವ ಕಣ್ಣನ್ನು.

ಶಾಲಾ ತನಿಖೆಗೆ ಹೋದವನು ಕಂಡದ್ದು

ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಬಳಿಯ ಬಂಡೆಯ ಮೇಲೆ 1669ರ ಶಾಸನವಿದೆ. ಶಿವಾಜಿಯ ಮಲತಮ್ಮ ಏಕೋಜಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಮಲ್ಲೇಶ್ವರ ಎಂದರೆ 1898ರಲ್ಲಿ ಹುಟ್ಟಿದ ಬಡಾವಣೆ ಎಂದುಕೊಂಡಿದ್ದವರಿಗೆ ಆ ಕಲ್ಲು ಇನ್ನೂ ಇನ್ನೂರ ಮೂವತ್ತು ವರ್ಷ ಹಿಂದಕ್ಕೆ ಬಾಗಿಲು ತೆರೆಯುತ್ತದೆ.

ಇಂಥ ಸಾವಿರಾರು ಶಾಸನಗಳನ್ನು ಓದಿ ಅಚ್ಚು ಮಾಡಿಸಿದ ಬೆಂಜಮಿನ್ ಲೂಯಿ ರೈಸ್ ಮೂಲತಃ ಮೇಷ್ಟ್ರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ ಮರಳಿ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ ಶಾಲೆಗಳ ತನಿಖೆಗೆ ಊರೂರು ಸುತ್ತುವಾಗ ಹೊಲದ ಬದುವಿನಲ್ಲಿ, ಗುಡಿಯ ಮುಂದೆ, ಕೆರೆಯ ಏರಿಯಲ್ಲಿ ಬರಹದ ಕಲ್ಲುಗಳು ಕಣ್ಣಿಗೆ ಬಿದ್ದವು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟ, ಸುಮಾರು 9,000 ಶಾಸನ, ಹುಟ್ಟಿದ್ದು ಆ ಓಡಾಟದಿಂದ. ದಿನಾ ನೂರಾರು ಜನ ದಾಟಿ ಹೋಗುತ್ತಿದ್ದ ಕಲ್ಲಿನ ಮುಂದೆ ಒಬ್ಬ ಶಾಲಾ ಅಧಿಕಾರಿ ನಿಂತು ನೋಡಿದ್ದಕ್ಕೆ ನಮಗೆ ನಮ್ಮ ಚರಿತ್ರೆಯ ದೊಡ್ಡ ಪಾಲು ಸಿಕ್ಕಿತು.

ಹಳೇ ಬೆಂಗಳೂರಿನಲ್ಲಿ ಈ ವೃತ್ತಿಗೆ ತಯಾರಾಗುವವರು ಅದೃಷ್ಟವಂತರು. ಚಾಮರಾಜಪೇಟೆಯಲ್ಲಿ 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿದೆ. ಅದರ ಮೊದಲ ಅಧ್ಯಕ್ಷ ಎಚ್.ವಿ. ನಂಜುಂಡಯ್ಯ ಮೈಸೂರು ಸೀಮೆಯ ಬುಡಕಟ್ಟು ಮತ್ತು ಜಾತಿಗಳ ಜನಾಂಗ ಸಮೀಕ್ಷೆ ನಡೆಸಿದವರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ. ನರಸಿಂಹರಾಜ ಕಾಲೊನಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಡಿವಿಜಿ ಎಂದರೆ ಕಗ್ಗ ಎಂದಷ್ಟೇ ತಿಳಿದವರು ಅವರ ‘ರಾಜ್ಯಶಾಸ್ತ್ರ’ ಮತ್ತು ‘ರಾಜ್ಯಾಂಗ ತತ್ತ್ವಗಳು’ ಪುಸ್ತಕಗಳನ್ನು ಕೈಗೆತ್ತಿಕೊಳ್ಳಬೇಕು. ರಾಜ್ಯ, ಪ್ರಜೆ, ಹಕ್ಕು, ಹೊಣೆ ಎಂಬ ಮಾತುಗಳನ್ನು ಕನ್ನಡದಲ್ಲೇ ಯೋಚಿಸಿ ತಿಳಿಸುವುದು ಹೇಗೆ ಎಂಬುದಕ್ಕೆ ಪೌರನೀತಿ ಪಾಠ ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಗುರು ಸಿಗಲಾರರು. ನೃಪತುಂಗ ರಸ್ತೆಗೆ ಹೋದರೆ 1909ರಿಂದ ಇರುವ ಮಿಥಿಕ್ ಸೊಸೈಟಿ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಅಲ್ಲಿ ನಡೆದಿದೆ. ಲಾಲ್‌ಬಾಗ್ ಬಂಡೆ, ಬ್ಯೂಗಲ್ ರಾಕ್ ಎರಡೂ ಸುಮಾರು 300 ಕೋಟಿ ವರ್ಷದ ಕಲ್ಲು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರದ್ದು. ಗೌರಿಬಿದನೂರು ಬಳಿಯ ಹಳ್ಳಿಯಿಂದ ನಡೆದು ಬಂದು ಅಲ್ಲಿ ಓದಿದ ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು. ಪರೀಕ್ಷಿಸದೆ ಏನನ್ನೂ ಒಪ್ಪದ ಅವರ ಹಟ ಸಮಾಜ ವಿಜ್ಞಾನದವರಿಗೂ ಬೇಕು.

ಬದಲಾಗುವ ಪುಸ್ತಕ, ಬದಲಾಗದ ಹೊಣೆ

ಈ ವಿಷಯಕ್ಕೆ ಬೇರೆ ವಿಷಯಗಳಿಗಿಲ್ಲದ ಒಂದು ಕಷ್ಟವಿದೆ. ಇಲ್ಲಿ ಪುಸ್ತಕ ಮುದ್ರಣವಾಗುವಷ್ಟರಲ್ಲಿ ಊರು ಬದಲಾಗಿರುತ್ತದೆ. ಬಿಬಿಎಂಪಿ ಎಂದು ಬರೆಸಿದ ಟಿಪ್ಪಣಿಯನ್ನು 2025ರಲ್ಲಿ ಹೊಡೆದುಹಾಕಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಎಂದು ಮತ್ತೆ ಬರೆಸಬೇಕಾಯಿತು. ಜೊತೆಗೆ, ಸಮಾಜ ವಿಜ್ಞಾನದ ಪಠ್ಯ ಯಾವಾಗಲೂ ಜಗಳದ ನಡುವೆ ಇರುತ್ತದೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಪಠ್ಯ ಪರಿಷ್ಕರಣೆ ಬೀದಿಗೆ ಬಂತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಪಾಠಗಳು ಮತ್ತೆ ಬದಲಾದವು. ತರಗತಿಯಲ್ಲಿ ಕೂತ ಮಕ್ಕಳ ಮನೆಗಳಲ್ಲಿ ಆ ಜಗಳದ ಎರಡೂ ಕಡೆಯವರಿರುತ್ತಾರೆ.

ಆಗ ಮೇಷ್ಟ್ರು ಏನು ಮಾಡಬೇಕು? ತನ್ನ ಅಭಿಪ್ರಾಯವನ್ನು ಪಾಠವೆಂದು ಒಪ್ಪಿಸಬಾರದು. ಹೆದರಿ ಪುಟ ಹಾರಿಸಲೂ ಬಾರದು. ಈ ಮಾತಿಗೆ ಆಧಾರವೇನು, ಅದನ್ನು ಬರೆದವರು ಯಾರು, ಯಾವಾಗ ಬರೆದರು, ಬೇರೆ ಆಧಾರ ಏನು ಹೇಳುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಮಕ್ಕಳ ಕೈಗೆ ಕೊಡಬೇಕು. ಇತಿಹಾಸವನ್ನು ಹೀಗೆ ಓದಲು ಕಲಿತ ಮಗು ಮೊಬೈಲಿಗೆ ಬಂದ ಸುದ್ದಿಯನ್ನೂ ಹೀಗೇ ಓದುತ್ತದೆ. ಸಮಾಜ ವಿಜ್ಞಾನವನ್ನು ಅಂಕ ಸುಲಭವಾಗಿ ಬರುವ ವಿಷಯವೆಂದು ಅಸಡ್ಡೆ ಮಾಡುವ ತಂದೆತಾಯಿಗಳಿಗೆ ನಾನು ಕೈಮುಗಿದು ಹೇಳುವುದೂ ಇದನ್ನೇ.

ಮರುದಿನದ ಪೀರಿಯಡ್

ಆ ಪ್ರಶಿಕ್ಷಣಾರ್ಥಿ ಆವತ್ತು ಸಂಜೆ ಮನೆಗೆ ಹೋಗುವ ಮೊದಲು ಗುಡಿಗೆ ಹೋಗಿದ್ದರು. ಗ್ರಂಥಾಲಯದಲ್ಲಿ ಕೂತಿದ್ದರು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಸಂತೆ, ಕಸುಬುಗಳನ್ನು ಬರೆದಿಟ್ಟ ಪುಸ್ತಕವಿದೆ ಎಂದು ತಿಳಿದುಕೊಂಡಿದ್ದರು. ಮನೆಯ ಪಕ್ಕದ ತಮಿಳು ಮಾತಾಡುವ ಅಜ್ಜಿಯನ್ನು ಕೇಳಿದ್ದರು. ಮರುದಿನ ಬೋರ್ಡಿನ ಮೇಲೆ ಮೂರು ಸಾಲು ಬರೆದರು.

ಮೊದಲನೆಯದು, ಕಡಲೆಕಾಯಿಯ ತವರು ದಕ್ಷಿಣ ಅಮೆರಿಕ. ಅದು ಈ ಕಡೆಗೆ ಬಂದದ್ದು ಯುರೋಪಿಯನ್ನರ ಹಡಗುಗಳು ಓಡಾಡತೊಡಗಿದ ಮೇಲೆ. ಎರಡನೆಯದು, ತಮಿಳಿನಲ್ಲಿ ಅದನ್ನು ಮಣಿಲಾ ಕೊಟ್ಟೈ ಎನ್ನುತ್ತಾರೆ, ಮನಿಲಾದ ಬೀಜ ಎಂದರ್ಥ. ಮನಿಲಾ ಎಲ್ಲಿದೆ ಎಂದು ಗ್ಲೋಬ್ ತಿರುಗಿಸಿ ಮಕ್ಕಳಿಂದಲೇ ಹುಡುಕಿಸಿದರು. ಹಡಗಿನ ದಾರಿಯೊಂದು ಹೆಸರಿನ ಒಳಗೇ ಸಿಕ್ಕಿತು. ಮೂರನೆಯದು, ಕನ್ನಡದಲ್ಲಿ ಕಡಲೆ ಎಂಬ ಹೆಸರು ಮೊದಲೇ ಇತ್ತು, ಅದು ಬೇರೆ ಕಾಳಿನದು. ಹೊಸದಾಗಿ ಬಂದ ಬೆಳೆಗೆ ಜನ ಹಳೆಯ ಹೆಸರನ್ನೇ ಕೊಟ್ಟರು.

‘ಹಾಗಾದ್ರೆ ಕಥೆ ಸುಳ್ಳಾ ಮಿಸ್?’ ಎಂದ ಹುಡುಗ.

ಆಕೆ ಅವಸರ ಮಾಡಲಿಲ್ಲ. ‘ಬಸವ ಮೊದಲು ತಿಂದಿದ್ದು ಬೇರೆ ಬೆಳೆ ಇರಬಹುದು, ಆಮೇಲೆ ಕಥೆಯಲ್ಲಿ ಕಡಲೆಕಾಯಿ ಬಂದಿರಬಹುದು. ಕಥೆಯೇ ಆಮೇಲೆ ಹುಟ್ಟಿರಬಹುದು. ನಮ್ಮ ಹತ್ರ ಇರೋ ಆಧಾರಕ್ಕೆ ಇಷ್ಟೇ ಹೇಳಕ್ಕಾಗೋದು. ಆದ್ರೆ ಬೆಳೆ ಕೈಗೆ ಬರೋ ಹೊತ್ತಿಗೆ ರಾತ್ರಿಯೆಲ್ಲಾ ಹೊಲ ಕಾಯ್ತಿದ್ದ ರೈತನ ಭಯ ಇದೆಯಲ್ಲ, ಅದು ನಿಜ. ಕಥೆ ಅದನ್ನ ಉಳಿಸ್ಕೊಂಡು ಬಂದಿದೆ’ ಅಂದರು. ಆಮೇಲೆ ಪರಿಷೆಗೆ ಹೋದಾಗ ವ್ಯಾಪಾರಿಗಳನ್ನು ಕೇಳಿ ಬರೆದುಕೊಂಡು ಬರಲು ಐದು ಪ್ರಶ್ನೆ ಕೊಟ್ಟರು. ಯಾವ ಊರು, ಸ್ವಂತ ಬೆಳೆಯೋ ಕೊಂಡದ್ದೋ, ಸೇರಿಗೆ ಎಷ್ಟು, ಹೋದ ವರ್ಷ ಎಷ್ಟಿತ್ತು, ಬಸವಣ್ಣನ ಕಥೆ ನಿಮ್ಮೂರಿನಲ್ಲಿ ಹೇಗೆ ಹೇಳುತ್ತಾರೆ.

ಮೂವತ್ತೆಂಟು ಮಕ್ಕಳು ನೋಟ್ ಪುಸ್ತಕಕ್ಕೆ ಬಗ್ಗಿ ಬರೆದುಕೊಂಡರು. ಕಿಟಕಿ ಪಕ್ಕದ ಹುಡುಗ ಆರನೆಯದೊಂದನ್ನು ತಾನೇ ಸೇರಿಸಿಕೊಂಡ. ಪೀರಿಯಡ್ ಮುಗಿದ ಮೇಲೆ ಹತ್ತಿರ ಹೋಗಿ ಇಣುಕಿದೆ. ‘ನಿಮ್ಮ ತಾತನ ಕಾಲದಲ್ಲಿ ಈ ಹೊಲದಲ್ಲಿ ಏನು ಬೆಳೀತಿದ್ರಿ?’ ಎಂದು ಬರೆದಿತ್ತು.